ಆರು ಸಾವಿರ ಕೋಟಿಯ ಜರ್ನಲ್‌ಗಳು, ಖಾಲಿ ಕುರ್ಚಿಯ ಲೈಬ್ರರಿಗಳು

ನಮ್ಮ ಪದವಿ ಕಾಲೇಜುಗಳಲ್ಲಿ ಲೈಬ್ರರಿಯನ್ನರ ನೆನಪಾಗುವುದು ಎರಡು ಸಲ. ವಿದ್ಯಾರ್ಥಿಗೆ ಟಿ.ಸಿ. ಬೇಕಾದಾಗ, ನೋ ಡ್ಯೂ ಫಾರಂ ಮೇಲೆ ಸಹಿ ಹಾಕಿಸಲು. ಪ್ರಾಂಶುಪಾಲರಿಗೆ ನ್ಯಾಕ್ ತಂಡ ಬರುವ ವಾರ, ಕಪಾಟುಗಳ ಧೂಳು ಒರೆಸಿಸಲು. ಉಳಿದ ದಿನಗಳಲ್ಲಿ ಅವರು ಬೀಗದ ಕೈ ಇಟ್ಟುಕೊಂಡವರು, ಅಷ್ಟೇ. ಎಷ್ಟೋ ಕಡೆ ಆ ಹುದ್ದೆಯೇ ಖಾಲಿ. ಬೀಗದ ಕೈ ಅಟೆಂಡರ್ ಬಳಿ ಇರುತ್ತದೆ, ಇಲ್ಲವೇ ಪಾಠದ ಹೊರೆ ಕಡಿಮೆ ಇರುವ ಉಪನ್ಯಾಸಕರೊಬ್ಬರ ಹೆಚ್ಚುವರಿ ಪ್ರಭಾರದಲ್ಲಿ. ಇದನ್ನು ಯಾರೂ ಹಗರಣ ಎನ್ನುವುದಿಲ್ಲ. ಎನ್ನಬೇಕು ಎಂಬುದು ನನ್ನ ವಾದ.

ದುಡ್ಡಿಲ್ಲ ಎಂಬ ಮಾತು ಈಗ ನಡೆಯುವುದಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027, ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ ಎಂಬುದು ಲೆಕ್ಕ. ಐಐಟಿಯ ವಿದ್ಯಾರ್ಥಿ ಓದುವ ಜರ್ನಲ್ಲನ್ನು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗಿಯೂ ಓದಬಹುದು ಎಂಬ ಆಶಯ ಒಳ್ಳೆಯದೇ, ನನಗದರ ಬಗ್ಗೆ ತಕರಾರಿಲ್ಲ. ಆದರೆ ಆ ಹುಡುಗಿ ಅಲ್ಲಿಗೆ ಮುಟ್ಟುವುದು ಹೇಗೆ?

ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಇತಿಹಾಸದಲ್ಲಿ ಎಂ.ಎ. ಮಾಡುತ್ತಾ, ತನ್ನ ಊರಿನ ಕೆರೆಯ ಬಗ್ಗೆ ಕಿರುಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿನಿ ಎಂದುಕೊಳ್ಳಿ. ಕೆರೆಗೆ ಇಂಗ್ಲಿಷಿನಲ್ಲಿ ‘ಲೇಕ್’ ಎಂದು ಶಾಲೆಯಲ್ಲಿ ಕಲಿತಿದ್ದಾಳೆ. ಅದನ್ನೇ ಟೈಪ್ ಮಾಡುತ್ತಾಳೆ. ಮೀನು, ಪಾಚಿ, ನೀರಿನ ರಸಾಯನದ ಮೇಲೆ ಸಾವಿರಾರು ಲೇಖನಗಳು ಬಂದು ಬೀಳುತ್ತವೆ. ದಕ್ಷಿಣ ಭಾರತದ ಕೆರೆಗಳ ಇತಿಹಾಸ ಬರೆದವರು ಹೆಚ್ಚಾಗಿ ಬಳಸಿದ ಪದ ‘ಟ್ಯಾಂಕ್’ ಎಂದು ಅವಳಿಗೆ ಹೇಳುವವರಾರು? ಆ ಒಂದು ಪದ ಗೊತ್ತಿಲ್ಲದೆ 13,000 ಜರ್ನಲ್‌ಗಳೂ ಅವಳ ಪಾಲಿಗೆ ಮುಚ್ಚಿದ ಬಾಗಿಲೇ. ಆ ಪದ ಹೇಳಿಕೊಡುವುದು, ಯಾವ ಲೇಖನ ಮೊದಲು ಓದಬೇಕು, ಅದರ ಅಡಿಟಿಪ್ಪಣಿಯಿಂದ ಮುಂದಿನದಕ್ಕೆ ಹೇಗೆ ಹೋಗಬೇಕು ಎಂದು ತೋರಿಸುವುದು ಗ್ರಂಥಪಾಲಕರ ಕೆಲಸ. ಪ್ರಕಾಶಕರಿಗೆ ಆರು ಸಾವಿರ ಕೋಟಿ ಕೊಟ್ಟ ದೇಶ ಈ ಕೆಲಸದವರಿಗೆ ಸಂಬಳ ಕೊಡಲು ಹಿಂದೆಮುಂದೆ ನೋಡುತ್ತದೆ. ಬಾವಿ ತೋಡಿಸಿ ಹಗ್ಗ ಕೊಡದಿದ್ದ ಹಾಗೆ.

ಪ್ರಕಟಣೆಯ ಮಾತಿಗೆ ಬರೋಣ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳ ದಂಧೆಗೆ ಇಂಗ್ಲಿಷಿನಲ್ಲಿ ಈಗ ಎಲ್ಲರೂ ಬಳಸುವ ‘ಪ್ರಿಡೇಟರಿ’ ಎಂಬ ಹೆಸರಿಟ್ಟವರು ಯಾವ ನೊಬೆಲ್ ವಿಜ್ಞಾನಿಯೂ ಅಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಡೆನ್ವರ್ ಕ್ಯಾಂಪಸ್ಸಿನಲ್ಲಿ ಲೈಬ್ರರಿಯನ್ ಆಗಿದ್ದ ಜೆಫ್ರಿ ಬೀಲ್. ಅವರ ಪಟ್ಟಿಯ ಬಗ್ಗೆ ಜಗಳಗಳು ಎದ್ದವು, 2017ರಲ್ಲಿ ಅದು ಅಂತರ್ಜಾಲದಿಂದ ಮರೆಯಾಯಿತು. ಆದರೂ ಕಳ್ಳನನ್ನು ಮೊದಲು ಗುರುತಿಸಿದ್ದು ಲೈಬ್ರರಿಯ ಕಣ್ಣು.

ನಮ್ಮಲ್ಲಿ ಯುಜಿಸಿ ತಾನೇ ಒಪ್ಪಿದ್ದ ಜರ್ನಲ್‌ಗಳ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಜರ್ನಲ್‌ಗಳನ್ನು ಒಮ್ಮೆಗೇ ಕಿತ್ತುಹಾಕಿತು. ಆಮೇಲೆ ಕೇರ್ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಯಾವ ಜರ್ನಲ್ ಒಳ್ಳೆಯದು ಎಂಬುದನ್ನು ಕೆಲವು ಮಾನದಂಡಗಳ ಮೇಲೆ ಸಂಸ್ಥೆಗಳೇ ತೀರ್ಮಾನಿಸಲಿ ಎಂದಿತು. ದಿಲ್ಲಿಯ ಒಂದೇ ಪಟ್ಟಿಗಿಂತ ಇದು ಮೇಲು ಎಂದು ವಾದಿಸಬಹುದು. ಆದರೆ ಸಂಸ್ಥೆ ಎಂದರೆ ಯಾರು? ಸಂಪಾದಕ ಮಂಡಳಿಯಲ್ಲಿರುವ ಹೆಸರುಗಳು ನಿಜವೇ, ಲೇಖನವನ್ನು ತಜ್ಞರು ಓದಿದ್ದಾರೋ ಇಲ್ಲವೋ, ಐಎಸ್‌ಎಸ್‌ಎನ್ ಸಂಖ್ಯೆ ಬೇರೆ ಯಾರದೋ ಜರ್ನಲ್ಲಿನದೋ ಎಂದು ಕೂತು ಪರೀಕ್ಷಿಸುವ ತರಬೇತಿ ಆಗಿರುವುದು ಗ್ರಂಥಪಾಲಕರಿಗೆ. ಅವರಿಲ್ಲದ ಕಾಲೇಜಿನಲ್ಲಿ ಈ ತೀರ್ಮಾನ ವಾಟ್ಸ್ಆ್ಯಪ್ ಗುಂಪಿಗೆ ಬರುವ ‘ಮೂರು ದಿನದಲ್ಲಿ ಪ್ರಕಟಣೆ ಗ್ಯಾರಂಟಿ’ ಎಂಬ ಜಾಹೀರಾತಿಗೆ ಬಿಟ್ಟದ್ದು. ಸಂಶೋಧನಾ ವಿದ್ಯಾರ್ಥಿ ತನ್ನ ಫೆಲೋಶಿಪ್ಪಿನ ದುಡ್ಡು ಕಟ್ಟಿ, ಮುಂದೆ ಎಲ್ಲೂ ತೋರಿಸಲಾಗದ ಪ್ರಮಾಣಪತ್ರ ಪಡೆಯುತ್ತಾನೆ. ನಷ್ಟ ಅವನದು.

ಕನ್ನಡದ ಮಟ್ಟಿಗೆ ನಷ್ಟ ಇನ್ನೂ ಆಳದ್ದು. ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ ಭಂಡಾರಕ್ಕೆ ಸೇರಿಸಬೇಕೆಂಬ ನಿಯಮವಿದೆ. ಕನ್ನಡ ಪ್ರಬಂಧಗಳೂ ಅಲ್ಲಿವೆ. ಆದರೆ ಅವುಗಳಲ್ಲಿ ಅನೇಕವು ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪಾದವು, ಇಲ್ಲವೇ ಸ್ಕ್ಯಾನ್ ಮಾಡಿದ ಪುಟಗಳು. ನಮ್ಮ ಕಣ್ಣಿಗೆ ಕನ್ನಡ; ಕಂಪ್ಯೂಟರಿಗೆ ಒಂದೋ ಬರೀ ಚಿತ್ರ, ಇಲ್ಲವೇ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಒಳಗಿನ ಒಂದು ಪದವನ್ನೂ ಹುಡುಕಲಾಗದು. ಹುಡುಕಲಾಗದ್ದನ್ನು ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶವೂ ಕಾಣದು. 2018ರ ಯುಜಿಸಿ ನಿಯಮದ ಪ್ರಕಾರ ಹೋಲಿಕೆ ಶೇ. 10 ಮೀರಿದರೆ ಕ್ರಮ ಜರುಗಬೇಕು. ಇಂಥ ಕನ್ನಡ ಪ್ರಬಂಧದಲ್ಲಿ ಇಡೀ ಅಧ್ಯಾಯ ಕದ್ದರೂ ವರದಿಯಲ್ಲಿ ಸೊನ್ನೆ ಬರಬಹುದು. ನಾಲ್ಕು ವರ್ಷ ಊರೂರು ಅಲೆದು ಪ್ರಾಮಾಣಿಕವಾಗಿ ಬರೆದವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಕದ್ದವರೂ ಸಿಕ್ಕಿಬೀಳುವುದಿಲ್ಲ.

ಲೈಬ್ರರಿಯ ಪಟ್ಟಿಗಳ ಕಥೆಯೂ ಇದೇ. ಎಷ್ಟೋ ಕಡೆ ಕನ್ನಡ ಪುಸ್ತಕಗಳ ಹೆಸರನ್ನು ಯಾವ ಗುರುತೂ ಇಲ್ಲದ ರೋಮನ್ ಲಿಪಿಯಲ್ಲಿ ತುಂಬಿಸಿದ್ದಾರೆ. ಅಲ್ಲಿ ಬೆಳೆ, ಬೆಲೆ, ಬೇಳೆ ಮೂರೂ ಒಂದೇ. ಕೃಷಿ ಇತಿಹಾಸ ಓದುವವನು ಮಾರುಕಟ್ಟೆ ದರದ ಪುಸ್ತಕಕ್ಕೂ ಅಡುಗೆ ಪುಸ್ತಕಕ್ಕೂ ಕೈ ಹಾಕಿ ಬರಬೇಕು. ಕನ್ನಡ ಬಲ್ಲ, ವರ್ಗೀಕರಣ ಬಲ್ಲ ಒಬ್ಬರು ಕೂತು ಇದನ್ನು ಯೂನಿಕೋಡ್ ಕನ್ನಡಕ್ಕೆ ತರಬೇಕು. ಕನ್ನಡಕ್ಕಾಗಿ ವೇದಿಕೆಯ ಮೇಲೆ ಗಂಟಲು ಹರಿದುಕೊಳ್ಳುವವರು ಈ ಕೆಲಸಕ್ಕೆ ಒಂದು ಹುದ್ದೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಗ್ರಂಥಪಾಲಕರು ವಿದ್ವತ್ತಿನ ಹೊರಗಿನವರು ಎನ್ನುವವರು ಮೈಸೂರಿನ ಚರಿತ್ರೆ ಓದಲಿ. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಗ್ರಂಥ ಲಿಪಿಯ ತಾಳೆಗರಿ ಕಟ್ಟೊಂದು ಬಂತು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿ, 1909ರಲ್ಲಿ ಪ್ರಕಟಿಸಿ, 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಕೊಟ್ಟ ಆರ್. ಶಾಮಶಾಸ್ತ್ರಿಗಳು ಆ ಲೈಬ್ರರಿಯ ಗ್ರಂಥಪಾಲಕರು. ಅವರನ್ನು ನೋ ಡ್ಯೂ ಸಹಿಗೆ ಕೂರಿಸಿದ್ದರೆ ಆ ಕಟ್ಟು ಇನ್ನೂ ಕಪಾಟಿನಲ್ಲೇ ಇರುತ್ತಿತ್ತೇನೋ. ಬೆಂಗಳೂರಿನಲ್ಲಿ 1962ರಲ್ಲಿ ಡಿ.ಆರ್.ಟಿ.ಸಿ. ಕಟ್ಟಿದ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. ಅವರು ಸೂತ್ರವಾಗಿ ಹೇಳಿದ್ದರಲ್ಲಿ ಓದುಗರ ಹೊತ್ತು ಉಳಿಸಬೇಕೆಂಬುದೂ ಒಂದು. ನಾವು ಅವರ ಹುಟ್ಟುಹಬ್ಬವನ್ನು ಗ್ರಂಥಪಾಲಕರ ದಿನವೆಂದು ಆಚರಿಸಿ, ಹಾರ ಹಾಕಿ, ಮಾರನೆಯ ದಿನ ಓದುಗರ ಹೊತ್ತನ್ನು ಹಾಳುಮಾಡುತ್ತೇವೆ.

ಎಲ್ಲವೂ ಫೋನಿನಲ್ಲಿ ಸಿಗುವಾಗ, ಎಐ ಉತ್ತರ ಕೊಡುವಾಗ ಇವರೇಕೆ ಎಂಬುದು ಈಗಿನ ವಾದ. ಎಐ ಇಲ್ಲದ ಪುಸ್ತಕಕ್ಕೆ ಇರುವ ಲೇಖಕರ ಹೆಸರು ಹಚ್ಚಿ, ವರ್ಷ ಸಮೇತ ಉಲ್ಲೇಖ ಹುಟ್ಟಿಸಿಕೊಡಬಲ್ಲದು. ಅದು ಸುಳ್ಳು ಎಂದು ಕಂಡುಹಿಡಿಯಲು ನಿಜವಾದ ಪಟ್ಟಿ ಬೇಕು, ಆ ಪಟ್ಟಿ ಓದಬಲ್ಲವರೂ ಬೇಕು.

ಇನ್ನೊಂದು ವಾದ ಮುಳ್ಳಿನಂಥದು: ಇರುವ ಲೈಬ್ರರಿಯನ್ನರೇ ಇದೆಲ್ಲ ಮಾಡುತ್ತಿಲ್ಲವಲ್ಲ? ನಿಜ, ಹಲವರು ಮಾಡುತ್ತಿಲ್ಲ. ವಿದ್ಯಾರ್ಥಿ ಪುಸ್ತಕ ಮುಟ್ಟಿದರೆ ಗದರುವವರೂ ಇದ್ದಾರೆ. ಯುಜಿಸಿ ವೇತನಶ್ರೇಣಿಯಲ್ಲಿ ಅವರ ಆರಂಭದ ಸಂಬಳ ಸಹಾಯಕ ಪ್ರಾಧ್ಯಾಪಕರದಷ್ಟೇ; ಅದಕ್ಕೆ ತಕ್ಕ ಕೆಲಸ ಕೇಳುವ ಹಕ್ಕು ನಮಗಿದೆ. ಆದರೆ ಪಠ್ಯ ರೂಪಿಸುವ ಸಭೆಗೆ ಕರೆಯದೆ, ಟೈಮ್‌ಟೇಬಲ್ಲಿನಲ್ಲಿ ಒಂದು ತರಗತಿಯನ್ನೂ ಕೊಡದೆ, ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಗೂ ದಾಖಲಾತಿ ಅರ್ಜಿ ತುಂಬಿಸುವುದಕ್ಕೂ ಹಚ್ಚಿದರೆ ಗುಮಾಸ್ತಿಕೆಯೇ ಅಭ್ಯಾಸವಾಗುತ್ತದೆ. ತಪ್ಪು ಒಬ್ಬರದಲ್ಲ, ವ್ಯವಸ್ಥೆಯದು.

ಕೇಳಬೇಕಾದ್ದು ಬಹಳವಿಲ್ಲ. ಖಾಲಿ ಹುದ್ದೆಗಳನ್ನು ಹೆಚ್ಚುವರಿ ಪ್ರಭಾರದಿಂದ ಮುಚ್ಚದೆ ಭರ್ತಿ ಮಾಡಲಿ. ಪಿಎಚ್.ಡಿ.ಗೆ ಕಡ್ಡಾಯವಾಗಿರುವ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಎರಡು ಕ್ರೆಡಿಟ್ ಕೋರ್ಸಿನ ಪಾಠದಲ್ಲಿ ಗ್ರಂಥಪಾಲಕರಿಗೆ ಪಾಲಿರಲಿ. ಯೂನಿಕೋಡ್‌ನಲ್ಲಿಲ್ಲದ ಕನ್ನಡ ಪ್ರಬಂಧವನ್ನು ವಿಶ್ವವಿದ್ಯಾಲಯಗಳು ಸ್ವೀಕರಿಸದಿರಲಿ.

ವಿದ್ಯಾರ್ಥಿಗಳು ಮಾಡಬಹುದಾದ್ದೂ ಒಂದಿದೆ. ನಾಳೆ ನಿಮ್ಮ ಲೈಬ್ರರಿಗೆ ಹೋಗಿ, ಪುಸ್ತಕ ಕೇಳಬೇಡಿ. ನಿಮ್ಮ ವಿಷಯ ಹೇಳಿ, ಇದಕ್ಕೆ ಎಲ್ಲಿಂದ ಶುರು ಮಾಡಲಿ ಸರ್, ಎಲ್ಲಿಂದ ಶುರು ಮಾಡಲಿ ಮೇಡಂ ಎಂದು ಕೇಳಿ. ಉತ್ತರ ಸಿಕ್ಕರೆ ನಿಮ್ಮ ಪುಣ್ಯ. ಗದರಿಕೆ ಸಿಕ್ಕರೆ ಮತ್ತೆ ಹೋಗಿ ಕೇಳಿ. ಕುರ್ಚಿಯೇ ಖಾಲಿ ಇದ್ದರೆ, ಯಾಕೆ ಖಾಲಿ ಎಂದು ಪ್ರಾಂಶುಪಾಲರಿಗೆ ಲಿಖಿತವಾಗಿ ಅರ್ಜಿ ಕೊಡಿ.