ಮಣ್ಣಿನ ಮನೆಯೂ ಪರಿಗ್ರಹವೇ

ಊರಾಚೆಯ ದಿಬ್ಬವನ್ನು ಅಗೆದು, ಛಾವಣಿಯ ಮೇಲೆ ಮಣ್ಣು ಹೊದಿಸಿ, ಸೌರಫಲಕದ ವಿದ್ಯುತ್ತಿನಿಂದಲೇ ನಡೆಯುವ ಒಂದು ಕೋಣೆಯ ಮನೆ ಕಟ್ಟಿಕೊಳ್ಳುವುದನ್ನು ಅಪರಿಗ್ರಹವೆಂದು ಕೊಂಡಾಡುವ ಶ್ರಾವಕರಿದ್ದಾರೆ. ಈ ಮಾತನ್ನು ಒಪ್ಪಲಾಗದು.

ಅದೊಂದೇ ಅವರ ವಾಸಗೃಹವಾಗಿದ್ದರೆ ಅದು ಪ್ರಶಂಸನೀಯ. ಮಣ್ಣಿನ ಹೊದಿಕೆ ಬೇಸಿಗೆಯ ತಾಪವನ್ನು ತಡೆಯುತ್ತದೆ, ನಿಜ. ಆದರೆ ನಗರದಲ್ಲಿ ಬಂಗಲೆಯನ್ನಿಟ್ಟುಕೊಂಡು ವಾರಾಂತ್ಯಕ್ಕೆಂದು ಕಟ್ಟಿದ ಗುಡಿಸಲು ಎಷ್ಟೇ ಚಿಕ್ಕದಾದರೂ ಎರಡನೆಯ ಮನೆಯೇ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಹೊಲ-ಮನೆಗಳನ್ನೇ ಮೊದಲು ಹೆಸರಿಸಿದೆ. ನಿಷ್ಪ್ರಯೋಜನವಾಗಿ ನೆಲ ಅಗೆಯುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಗೆ ಸೇರಿಸಿದ್ದಾರೆ. ದಿಬ್ಬ ಅಗೆದಾಗ ನೋಯುವ ಪೃಥ್ವೀಕಾಯ ಜೀವಗಳಿಗೂ ಎರೆಹುಳುಗಳಿಗೂ ಮನೆಯ ಕಿರಿದಳತೆಯಿಂದ ಸಮಾಧಾನವಾಗದು.

ಶ್ರವಣಬೆಳಗೊಳದ ಚಂದ್ರಗಿರಿಯ ಭದ್ರಬಾಹು ಗುಹೆಯನ್ನು ಇದಕ್ಕೆ ಆದರ್ಶವೆಂದು ಯಾರೂ ತೋರಿಸದಿರಲಿ. ಪರಂಪರೆ ಹೇಳುವಂತೆ ಆ ಶ್ರುತಕೇವಲಿಗಳು ಅಲ್ಲಿ ಸಲ್ಲೇಖನ ಕೈಗೊಂಡರು. ಅವರು ಬಂದದ್ದು ಎಲ್ಲವನ್ನೂ ತೊರೆದ ಮೇಲೆ.

ಬಸದಿಗಳ ಆಡಳಿತ ಮಂಡಳಿಗಳೂ ಧ್ಯಾನಕುಟೀರಗಳಿಗೆಂದು ಹೊಸ ನೆಲ ಅಗೆಸುವ ಮೊದಲು, ಬೀಗ ಬಿದ್ದ ಹಳೆಯ ಧರ್ಮಶಾಲೆಗಳಿದ್ದರೆ ಅವನ್ನು ತೆರೆಸಲಿ. ಶ್ರಾವಕರು ಮೊದಲು ಮನೆಗಳ ಎಣಿಕೆಗೆ ಮಿತಿ ಹಾಕಿಕೊಳ್ಳಲಿ. ಅಳತೆಯ ಮಾತು ಆಮೇಲಿನದು.