ಕಾಲು ಮರಳಿ ಚಿಗುರುವಾಗ ದುಗ್ಧರಸದ ಪಾಲು

ಸಲಮಾಂಡರಿನ ಕಾಲು ಕತ್ತರಿಸಿದರೆ ಮೂಳೆ, ಸ್ನಾಯು, ಬೆರಳುಗಳ ಸಮೇತ ಮತ್ತೆ ಬೆಳೆಯುತ್ತದೆಂದು ಇಟಲಿಯ ಲಾಜರೊ ಸ್ಪಲಾಂಜಾನಿ 1768ರಲ್ಲೇ ಬರೆದಿಟ್ಟ. ಮನುಷ್ಯರಿಗೇಕೆ ಆ ಶಕ್ತಿಯಿಲ್ಲ ಎಂದರೆ, ರೋಗನಿರೋಧಕ ವ್ಯವಸ್ಥೆ ಬಲಿತಷ್ಟೂ ಅಂಗ ಬೆಳೆಸುವ ಶಕ್ತಿ ಕುಗ್ಗಿತು ಎಂಬ ಉತ್ತರ ಮೇಲಿಂದ ಮೇಲೆ ಕೇಳಿಬರುತ್ತದೆ. ಇದಕ್ಕೆ ಆಧಾರ ಇಲ್ಲದಿಲ್ಲ. ಆಫ್ರಿಕಾದ ಕ್ಸೆನೋಪಸ್ ಕಪ್ಪೆಯ ಗೊದಮೊಟ್ಟೆಯಲ್ಲಿ ಹಿಂಗಾಲು ಇನ್ನೂ ಮೊಗ್ಗಾಗಿರುವಾಗ ಕತ್ತರಿಸಿದರೆ ಪೂರ್ತಿ ಕಾಲು ಬರುತ್ತದೆ. ರೂಪಾಂತರ ಮುಂದುವರಿದಂತೆ ಮರಳಿ ಬರುವ ಬೆರಳುಗಳು ಕಡಿಮೆಯಾಗುತ್ತವೆ. ಬೆಳೆದ ಕಪ್ಪೆಗೆ ದಕ್ಕುವುದು ಮೃದ್ವಸ್ಥಿಯ ಒಂದು ಮುಳ್ಳು ಮಾತ್ರ. ಅದರ ರೋಗನಿರೋಧಕ ಶಕ್ತಿ ಪ್ರೌಢವಾಗುವುದೂ ಇದೇ ಅವಧಿಯಲ್ಲಿ. ಆದರೆ ಆಗ ಥೈರಾಯ್ಡ್ ಹಾರ್ಮೋನು ಇಡೀ ದೇಹವನ್ನೇ ಬದಲಿಸುತ್ತಿರುತ್ತದೆ. ಜೊತೆಜೊತೆಗೆ ನಡೆದ ಇಷ್ಟೊಂದು ಬದಲಾವಣೆಗಳಲ್ಲಿ ಒಂದನ್ನೇ ಹಿಡಿದು ಅಪರಾಧಿಯೆನ್ನುವುದು ಆತುರದ ತೀರ್ಪು.

ಮೆಕ್ಸಿಕೋದ ಷೋಚಿಮಿಲ್ಕೊ ಕೆರೆಕಾಲುವೆಗಳ ಆಕ್ಸೊಲಾಟಲ್ ಎಂಬ ಸಲಮಾಂಡರ್ ಈ ತೀರ್ಪನ್ನು ಬಲವಾಗಿ ಅಲುಗಿಸುತ್ತದೆ. 2013ರಲ್ಲಿ ಜೇಮ್ಸ್ ಗಾಡ್ವಿನ್ ಮತ್ತು ಸಂಗಡಿಗರು ಅದರ ದೇಹದಿಂದ ಮ್ಯಾಕ್ರೊಫೇಜ್ ಕಣಗಳನ್ನು, ಅಂದರೆ ಸತ್ತ ಜೀವಕೋಶಗಳನ್ನೂ ರೋಗಾಣುಗಳನ್ನೂ ನುಂಗಿ ಹಾಕುವ ಕಾವಲು ಕಣಗಳನ್ನು, ತೆಗೆದುಹಾಕಿ ಕಾಲು ಕತ್ತರಿಸಿದರು. ನಿರೋಧಕ ವ್ಯವಸ್ಥೆಯೇ ಅಡ್ಡಿಯಾಗಿದ್ದರೆ ಕಾಲು ಇನ್ನೂ ಚೆನ್ನಾಗಿ ಬರಬೇಕಿತ್ತು. ಗಾಯವೇನೋ ಮುಚ್ಚಿತು, ಕಾಲು ಬರಲಿಲ್ಲ. ತುದಿಯಲ್ಲಿ ಹೊಸ ಅಂಗದ ಮೂಲವಾದ ಬ್ಲಾಸ್ಟಿಮಾ ಬೆಳೆಯುವ ಬದಲು ನಾರಿನಂಥ ಅಂಗಾಂಶ ಗಟ್ಟಿಕಟ್ಟಿತು. ಹಾಗಾದರೆ ಕೇಳಬೇಕಾದದ್ದು ಈ ಕಾವಲು ಬಲವಾದುದೇ ದುರ್ಬಲವೇ ಎಂದಲ್ಲ. ಅದು ಗಾಯದ ಜಾಗದಲ್ಲಿ ಯಾವ ಕೆಲಸಕ್ಕೆ ತೊಡಗುತ್ತದೆ, ಕೆಲಸ ಮುಗಿದ ಮೇಲೆ ಎಷ್ಟು ಬೇಗ ತೆರವು ಮಾಡುತ್ತದೆ ಎಂದು.

ದುಗ್ಧರಸ ವ್ಯವಸ್ಥೆಗೆ ಇಲ್ಲಿ ಸಲ್ಲಬೇಕಾದ ಗಮನ ಸಂದಿಲ್ಲವೆಂಬುದು ನನ್ನ ವಾದ. ರಕ್ತನಾಳಗಳಿಂದ ಒಸರಿದ ದ್ರವವನ್ನೂ ಅದರೊಡನೆ ನಿರೋಧಕ ಕಣಗಳನ್ನೂ ಅಂಗಾಂಶದಿಂದ ಹೊರಗೊಯ್ಯುವ ದಾರಿ ಅದು. ಆ ದಾರಿ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಕಲಬುರಗಿ ಸೀಮೆಯೂ ನಮ್ಮ ಕರಾವಳಿಯೂ ಬಹುಕಾಲ ಕಂಡ ಆನೆಕಾಲು ರೋಗವೇ ಸಾಕ್ಷಿ. ಫೈಲೇರಿಯಾ ಹುಳು ದುಗ್ಧನಾಳಗಳನ್ನು ಕೆಡಿಸಿದಾಗ ಮೊದಲು ನೀರು ತುಂಬಿ ಊದುವ ಕಾಲು, ಉರಿಯೂತ ಆರದೆ ವರ್ಷಗಳು ಕಳೆದಂತೆ ನಾರುಗಟ್ಟಿ ಗಡುಸಾಗುತ್ತದೆ. ಕಾರಣ ಬೇರೆಯಾದರೂ, ಮ್ಯಾಕ್ರೊಫೇಜ್ ಇಲ್ಲದ ಆಕ್ಸೊಲಾಟಲಿನಲ್ಲಿ ಕಂಡದ್ದೂ ಹೀಗೆ ನಾರುಗಟ್ಟುವಿಕೆಯೇ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಕಪ್ಪೆಗೆ ದುಗ್ಧರಸ ಹರಿಯುವುದರಲ್ಲಿ ಕೊರತೆಯೇನಿಲ್ಲ. ಚರ್ಮದಡಿ ವಿಶಾಲವಾದ ದುಗ್ಧಚೀಲಗಳಿವೆ. ಆ ರಸವನ್ನು ರಕ್ತಕ್ಕೆ ತಳ್ಳಲೆಂದೇ ಮಿಡಿಯುವ ನಾಲ್ಕು ದುಗ್ಧಹೃದಯಗಳಿವೆಯೆಂದು ಯೊಹಾನೆಸ್ ಮ್ಯೂಲರ್ 1833ರಲ್ಲೇ ಪ್ರಕಟಿಸಿದ್ದ. ಆದರೂ ಬೆಳೆದ ಕಪ್ಪೆಗೆ ಕಾಲು ಬಾರದು. ಆಕ್ಷೇಪವನ್ನು ಒಪ್ಪಲೇಬೇಕು: ಹರಿವು ಚೆನ್ನಾಗಿದ್ದ ಮಾತ್ರಕ್ಕೆ ಅಂಗ ಬೆಳೆಯದು, ನರ ಬೇಕು, ಸ್ಥಾನದ ನೆನಪುಳ್ಳ ಜೀವಕೋಶಗಳು ಬೇಕು. ನಾನು ಹೇಳುತ್ತಿರುವುದು ದುಗ್ಧರಸದ ಹರಿವನ್ನು ಬೇಕಾದವುಗಳ ಪಟ್ಟಿಯಿಂದ ಕೈಬಿಡಬಾರದೆಂದಷ್ಟೆ. ಗಾಡ್ವಿನ್ ತಂಡದ ಪ್ರಯೋಗಕ್ಕೆ ಇನ್ನೊಂದು ಭಾಗವಿತ್ತು. ಮ್ಯಾಕ್ರೊಫೇಜ್‌ಗಳು ಮರಳಿ ತುಂಬಿಕೊಂಡ ಮೇಲೆ ಅದೇ ನಾರುಗಟ್ಟಿದ ಮೋಟುಗಾಲನ್ನು ಮತ್ತೆ ಕತ್ತರಿಸಿದರು. ಈ ಸಲ ಕಾಲು ಬೆಳೆಯಿತು.