ಔತಣದ ಮನೆಯಿಂದ ಹಿಂತಿರುಗುವ ದಾರಿ

ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಸಂಜೆ ನಾವು ಪೂಜೆ ಮುಗಿಸಿ ಹೊರಗೆ ಬಂದಾಗ ಮಠದ ಕೈಸಾಲೆಯಲ್ಲಿ ವೃದ್ಧ ದಂಪತಿಗಳು ಕುಳಿತಿದ್ದರು. ಮೂರು ತಲೆಮಾರಿನಿಂದ ಮಠಕ್ಕೆ ನಡೆದುಕೊಂಡು ಬಂದ ಮನೆತನ. ಪಕ್ಕದಲ್ಲಿ ಊರುಗೋಲು ಹಿಡಿದ ಮಗ. ಸ್ವಲ್ಪ ದೂರದಲ್ಲಿ, ಕಂಬಕ್ಕೆ ಒರಗಿ, ಮಡಿಲಲ್ಲಿ ಕೂಸನ್ನು ಮಲಗಿಸಿಕೊಂಡ ಮಗಳು. ಅಣ್ಣ ತಂಗಿ ಒಂದೇ ಗಾಡಿಯಲ್ಲಿ ಬಂದಿದ್ದರೂ ಒಬ್ಬರ ಮುಖವನ್ನು ಒಬ್ಬರು ನೋಡುತ್ತಿರಲಿಲ್ಲ.

ನಡೆದದ್ದು ಇಷ್ಟು. ಮಾಘ ಮಾಸದಲ್ಲಿ ಬಂಧುಗಳ ಮನೆಯ ಗೃಹಪ್ರವೇಶ. ಬೆಳಿಗ್ಗೆ ಪೂಜೆ, ಪ್ರಸಾದ. ರಾತ್ರಿ ತೋಟದ ಪಂಪ್‌ಸೆಟ್ ಮನೆಯ ಬಳಿ ಹುಡುಗರಿಗೆ ಬೇರೆ ಔತಣ. ಮಗ ಅಲ್ಲಿ ಕುಡಿದ. ತಂಗಿಯ ಗಂಡ ಕುಡಿಯುವವನಲ್ಲ, ಆದರೆ ಅವನಿಗೆ ಬೈಕು ಓಡಿಸಲು ಬಾರದು. ಹನ್ನೊಂದು ಗಂಟೆಯ ಸುಮಾರಿಗೆ ಇಬ್ಬರೂ ಹೊರಟರು. ಊರಿಗೆ ಏಳೇ ಕಿಲೋಮೀಟರು. ರಸ್ತೆಯ ಅಂಚಿನಲ್ಲಿ ಕಬ್ಬು ತುಂಬಿದ ಟ್ರೇಲರ್ ನಿಂತಿತ್ತು, ಹಿಂದೆ ದೀಪವಿರಲಿಲ್ಲ. ಹಾಗೆ ನಿಲ್ಲಿಸಿದವನ ತಪ್ಪು ತಪ್ಪೇ. ಆದರೆ ಅದೇ ದಾರಿಯಲ್ಲಿ ಅವತ್ತು ರಾತ್ರಿ ಎಷ್ಟೋ ಗಾಡಿಗಳು ಅದನ್ನು ಕಂಡು ಬಳಸಿಕೊಂಡು ಹೋಗಿದ್ದವು. ಕುಡಿಯದವನು ಅಲ್ಲಿಯೇ ತೀರಿಕೊಂಡ. ಕುಡಿದವನು ಕಾಲು ಮುರಿದುಕೊಂಡು ಉಳಿದ.

‘ನಾನು ಚೆನ್ನಾಗಿಯೇ ಇದ್ದೆ ಬುದ್ಧಿ. ಹೊರಡುವಾಗ ತಲೆ ಸುತ್ತುತ್ತಿರಲಿಲ್ಲ’ ಎಂದ ಮಗ.

ಅವನು ಸುಳ್ಳು ಹೇಳುತ್ತಿದ್ದಾನೆಂದು ನಮಗೆ ಅನ್ನಿಸಲಿಲ್ಲ. ಮದ್ಯದ ಮೋಸ ಇರುವುದೇ ಅಲ್ಲಿ. ಕುಡಿದು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತಲೇ ಇರಬಹುದು. ಔತಣದ ಮನೆಯ ಬಾಗಿಲಲ್ಲಿ ಸರಿಯಾಗಿದ್ದವನು ನಡುದಾರಿಯಲ್ಲಿ ಸರಿಯಾಗಿರುವುದಿಲ್ಲ. ಮೇಲಾಗಿ ತನ್ನ ಸ್ಥಿತಿಯನ್ನು ತಾನು ಅಳೆದುಕೊಳ್ಳುವ ವಿವೇಕವೇ ಮೊದಲು ಮಂಕಾಗುತ್ತದೆ. ಮಜ್ಜಿಗೆ, ನಿಂಬೆಹುಳಿ, ಕಾಫಿ, ತಲೆಗೆ ತಣ್ಣೀರು ಎಂದು ಹಳ್ಳಿಯಲ್ಲಿ ಹತ್ತು ಮದ್ದು ಹೇಳುವವರಿದ್ದಾರೆ. ಯಾವುದೂ ಕೆಲಸಕ್ಕೆ ಬರುವುದಿಲ್ಲ. ಯಕೃತ್ತು ಅದನ್ನು ತನ್ನದೇ ನಿಧಾನ ಗತಿಯಲ್ಲಿ ಕರಗಿಸುತ್ತದೆ, ಅವಸರಪಡಿಸಲು ಬರುವುದಿಲ್ಲ. ರಾತ್ರಿ ಹೆಚ್ಚು ಕುಡಿದವನ ಮೈಯಲ್ಲಿ ಬೆಳಗಿನ ಹೊತ್ತಿಗೂ ಅದು ಉಳಿದಿರಬಹುದು.

ತಂದೆ ಬಂದದ್ದು ಬೇರೆ ಕಾರಣಕ್ಕೆ. ಠಾಣೆಗೆ ನಮ್ಮಿಂದ ಒಂದು ಮಾತು ಹೇಳಿಸಬೇಕೆಂದು. ‘ದೊಡ್ಡವರ ಮಕ್ಕಳಿಗೆ ಏನೂ ಆಗುವುದಿಲ್ಲ, ಬಡವನ ಮಗನೇ ಸಿಕ್ಕಿಬೀಳಬೇಕೆ ಬುದ್ಧಿ?’ ಎಂದು ಕಣ್ಣೀರಿಟ್ಟರು. ನಾವು ಅವರಿಗೆ ಮುಂಬೈಯ ಪ್ರಸಂಗವೊಂದನ್ನು ಹೇಳಿದೆವು. 2006ರ ನವೆಂಬರಿನಲ್ಲಿ ಅಲ್ಲಿಯ ಕಾರ್ಟರ್ ರಸ್ತೆಯಲ್ಲಿ ಸಿರಿವಂತರ ಮನೆಯ ಯುವಕನೊಬ್ಬ ಕುಡಿದು ಓಡಿಸಿದ ಕಾರು, ರಸ್ತೆಬದಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿದು ಏಳು ಜನ ಸತ್ತರು. ಕೆಳಗಿನ ನ್ಯಾಯಾಲಯ ಆರು ತಿಂಗಳು ಎಂದದ್ದನ್ನು ಹೈಕೋರ್ಟು ಮೂರು ವರ್ಷಕ್ಕೆ ಏರಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜೀವಕ್ಕೆ ಮೂರು ವರ್ಷ ಸಾಕೇ ಎಂಬುದು ಬೇರೆ ಮಾತು, ಆದರೆ ಹಣ ಅವನನ್ನು ಬಿಡಿಸಲಿಲ್ಲ.

ಕಾನೂನು ಈಗ ಇನ್ನೂ ಬಿಗಿಯಾಗಿದೆ. ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲವೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ಸೆರೆ, ಇಲ್ಲವೆ ಎರಡೂ ಆಗಬಹುದು. ಬೈಕಾದರೂ ಟ್ರ್ಯಾಕ್ಟರಾದರೂ ಒಂದೇ. ನಿರ್ಲಕ್ಷ್ಯದಿಂದ ಓಡಿಸಿ ಜೀವ ತೆಗೆದರೆ, 2024ರ ಜುಲೈಯಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆ.

ಠಾಣೆಗೆ ನಾವು ಮಾತು ಹೇಳಲಿಲ್ಲ. ಆ ತಂದೆಗೆ ಇದರಿಂದ ನೋವಾಯಿತು, ನಮಗೂ ಆಯಿತು. ಸತ್ತವನೂ ಆ ಮನೆಯ ಅಳಿಯನೇ ಅಲ್ಲವೇ?

ಮಗಳು ಅಲ್ಲಿಯವರೆಗೂ ತುಟಿ ಬಿಚ್ಚಿರಲಿಲ್ಲ. ಕೇಳಿದ ಮೇಲೆ ಹೇಳಿದಳು. ಗಂಡನ ಸಾವಿಗೆ ಪರಿಹಾರ ಕೇಳಲು ವಕೀಲರ ಬಳಿಗೆ ಹೋದಾಗ, ಅರ್ಜಿಯಲ್ಲಿ ಎದುರುದಾರರೆಂದು ಗಾಡಿಯ ಮಾಲೀಕನ ಹೆಸರನ್ನು ಬರೆಯಬೇಕು ಎಂದರಂತೆ. ಗಾಡಿ ಇರುವುದು ತಂದೆಯ ಹೆಸರಿನಲ್ಲಿ. ವಿಮಾ ಕಂಪನಿ ಮೊದಲು ಹಣ ಕೊಟ್ಟರೂ, ಸವಾರ ಕುಡಿದಿದ್ದನೆಂದು ಸಾಬೀತಾದರೆ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗಬಹುದು. ಇರುವುದು ಎರಡೂವರೆ ಎಕರೆ. ಮಗಳು ತನ್ನ ಕೂಸಿಗಾಗಿ ಕೇಳುವ ಹಣ ತಂದೆಯ ಹೊಲದಿಂದಲೇ ಬರಬೇಕಾದೀತು. ‘ಅರ್ಜಿಗೆ ನಾನಿನ್ನೂ ಸಹಿ ಮಾಡಿಲ್ಲ ಬುದ್ಧಿ’ ಎಂದಳು. ಊರುಗೋಲು ಹಿಡಿದವನು ಎದ್ದು ಹೊರಗೆ ಹೋದ.

ಇಷ್ಟು ಬರೆದು ನಮ್ಮ ಪಾಲನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಆ ಗೃಹಪ್ರವೇಶದ ದಿನ ಬೆಳಿಗ್ಗೆ ಪಾದಪೂಜೆಗೆ ಹೋದವರು ನಾವೇ. ಹೊರಡುವಾಗ ಹಿತ್ತಿಲ ಕಡೆ ಗೋಣಿತಾಟು ಮುಚ್ಚಿದ ಪೆಟ್ಟಿಗೆಗಳನ್ನು ಹುಡುಗರು ಇಳಿಸುತ್ತಿದ್ದುದು ಕಣ್ಣಿಗೆ ಬಿತ್ತು. ಏನೆಂದು ಊಹೆಯೂ ಆಯಿತು. ಕೊರಳಲ್ಲಿ ಲಿಂಗ ಧರಿಸಿದ ಮಕ್ಕಳು ಅವರು. ಶುಭದ ಮನೆ, ಯಜಮಾನರಿಗೆ ಮುಜುಗರವಾದೀತು ಎಂದು ಸುಮ್ಮನೆ ಕಾರು ಹತ್ತಿದೆವು. ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದಿದೆ. ಕಣ್ಣೆದುರಿನ ಕೆಡುಕನ್ನು ಕಂಡೂ ಸುಮ್ಮನಿರಬಾರದೆಂಬುದು ಅದರ ತಿರುಳು. ವರ್ಷವರ್ಷವೂ ವೇದಿಕೆಯ ಮೇಲೆ ಅದನ್ನು ವಿವರಿಸುತ್ತಾ ಬಂದವರು ನಾವು.

ಊರಿನ ಹಿರಿಯರೂ ಇದೇ ದಾರಿಯಲ್ಲಿದ್ದಾರೆ. ‘ಹುಡುಗರು, ವರ್ಷಕ್ಕೊಮ್ಮೆ, ಬಿಡಿ’ ಎನ್ನುತ್ತಾರೆ. ಕುಡಿಸಬೇಡಿ ಎಂಬುದೇ ನಮ್ಮ ಮೊದಲ ಮಾತು, ಅದರಲ್ಲಿ ರಾಜಿಯಿಲ್ಲ. ಅದನ್ನು ಕೇಳದವರು ಗಾಡಿಯ ಕೀಲಿಕೈಯನ್ನಾದರೂ ಇಸಿದುಕೊಳ್ಳಲಿ. ಹೊಸ ಮನೆಯಲ್ಲಿ ನಾಲ್ಕು ಚಾಪೆ ಹಾಸಲು ಜಾಗವಿರಲಿಲ್ಲವೇ? ಏಳು ಕಿಲೋಮೀಟರಿಗೆ ಒಂದು ಆಟೋ ಹೇಳಿದ್ದರೆ ಎಷ್ಟು ಖರ್ಚಾಗುತ್ತಿತ್ತು?

ಪಾದಪೂಜೆಗೆ ಕರೆಯಲು ಬಂದವರನ್ನು ನಾವು ಈಗ ಕೇಳಿಯೇ ದಿನ ಕೊಡುತ್ತೇವೆ: ರಾತ್ರಿಯ ಊಟ ಎಂಥದು, ದೂರದಿಂದ ಬಂದವರು ಹೇಗೆ ಹಿಂತಿರುಗುತ್ತಾರೆ ಎಂದು. ಕೆಲವರು ನಗುತ್ತಾರೆ, ಕೆಲವರು ತಲೆ ತಗ್ಗಿಸಿ ಏರ್ಪಾಡು ಬದಲಿಸಿಕೊಂಡಿದ್ದಾರೆ. ಕಳೆದ ತಿಂಗಳು ಗೃಹಸ್ಥರೊಬ್ಬರು ಉತ್ತರ ಕೊಡದೆ, ಮನೆಯಲ್ಲಿ ವಿಚಾರಿಸಿ ಬರುತ್ತೇವೆಂದು ಎದ್ದು ಹೋದರು. ಇನ್ನೂ ಬಂದಿಲ್ಲ.